ಗಾಜು ಒರೆಸುವ ಅರಿವೆ

ಇಚಲಕರಂಜಿ,
ಶ್ರಾವಣ, ೧೯೬೩

ವಾಯುದಳದಲ್ಲಿ ನಮ್ಮಣ್ಣನ ಜೊತೆ ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದ ಗಡಹಿಂಗ್ಲಜದ ಯಲಗೂರಪ್ಪಣ್ಣನವರಿಗೆ, ಅಖಿಲ ಇಚಲಕರಂಜಿ ಹಳೆ ಅರಿವೆ ಮಂಡಳಿಯ ಅಧ್ಯಕ್ಷೆಯ ನಮಸ್ಕಾರಗಳು.

ಮಂಡಳಿಯಲ್ಲಿ ಇರುವವರು ನಾನು ಮತ್ತು ಅವ್ವ, ಇಬ್ಬರೇ. ಹೆಲಿಕಾಪ್ಟರಿನ ಮುಂದಿನ ಗಾಜು ನಿಜವಾಗಿ ಪ್ಲಾಸ್ಟಿಕ್ಕು, ಒರಟು ಅರಿವೆಯಿಂದ ಒರೆಸಿದರೆ ಗೀರು ಬಿದ್ದು, ಎದುರು ಬಿಸಿಲಿನಲ್ಲಿ ಹಾರಿಸುವವರಿಗೆ ದಾರಿ ಕಾಣುವುದಿಲ್ಲ ಎಂದು ಅಣ್ಣ ಬರೆದಿದ್ದ. ಅಪ್ಪ ಅಭಿಮಾನದಿಂದ ನಮ್ಮ ಮಗ್ಗದ ಹೊಸ ಅರಿವೆ ಕಳಿಸಿದರು. "ಗಂಜಿ ಹಚ್ಚಿದ್ದು ಬ್ಯಾಡ್ರಿ, ಅವ್ವ ಒಗದು ಒಗದು ಸವದದ್ದು ಬೇಕು" ಎಂದು ಅಣ್ಣ ಅದನ್ನು ಮರಳಿಸಿದ. ಆವತ್ತಿನಿಂದ ಅಧ್ಯಕ್ಷೆಯ ಕಣ್ಣು ತಪ್ಪಿಸಿ ನಮ್ಮ ಓಣಿಯಲ್ಲಿ ಯಾವ ಹಳೆ ಧೋತರವೂ ಒಣಗಲಿಲ್ಲ.

ಬೆಟ್ಟದಲ್ಲಿ ಹಿಮ ಕುಸಿದು ಅಣ್ಣ ತೀರಿಕೊಂಡ ಮೇಲೆ, ಅವನ ಹೆಸರಿಗೆ ಮೊದಲೇ ಕಳಿಸಿದ್ದ ಹಳೆ ಅರಿವೆಯ ಗಂಟು ವಾಪಸು ಬಂತು. ಅವ್ವ ಅದನ್ನು ಬಿಚ್ಚಿ ಮತ್ತೆ ಒಗೆಯಲು ಕುಳಿತಳು. ಅವಳನ್ನು ನಗಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಈ ಸಲ ನಿಮ್ಮ ಹೆಸರಿಗೆ ಕಳಿಸುತ್ತಿದ್ದೇನೆ. ಇದರಲ್ಲಿ ಅಣ್ಣನ ಧೋತರಗಳೂ ಇವೆ. ಅವ್ವನೇ ಹರಿದಳು. "ಪೆಟಿಗ್ಯಾಗ ಇಟ್ಟು ಏನ ಮಾಡ್ಲಿ? ಯಾರದರೆ ಮಗ ದಾರಿ ಕಂಡು ಇಳೀಲಿ" ಎಂದಳು.

ಮೊದಲು ನೀರು ಸುರಿದು ಧೂಳು ತೆಗೆಯಿರಿ, ಆಮೇಲೆ ಮೆಲ್ಲಗೆ ಒರೆಸಿರಿ. ನೆನಪಿಗೆಂದು ಒಂದು ತುಂಡನ್ನೂ ಎತ್ತಿಡಬೇಡಿರಿ. ಎಲ್ಲ ಸವೆದು ಹೋದ ಮೇಲೆ, ಇನ್ನಷ್ಟು ಬೇಕೆಂದು ಅವ್ವನಿಗೆ ಒಂದು ಕಾರ್ಡು ಹಾಕಿರಿ.

ನಿಮ್ಮ ತಂಗಿಯಂಥವಳು,
ಮಲಕವ್ವ