ಕತ್ತರಿಸಿದ ಪಂಕ್ತಿ

ಕಲಬುರಗಿ, 2174ರ ಎರಡನೇ ಬೇಸಿಗೆ

ನನಗಿಂತ ಒಂದೂವರೆ ಶತಮಾನ ಹಿಂದಿರುವ ಕಲಾ ಸಲಹೆಗಾರರಿಗೆ,

ಮೇಲಿನ ತಾರೀಖು ನಿಮಗೆ ಅಸಂಬದ್ಧ ಅನ್ನಿಸಬಹುದು. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಕ್ಷಮೆ ಕೇಳುತ್ತಿರುವುದು ಮಾತುಗಳಿಗಾಗಿ, ಸಿಟ್ಟಿಗಾಗಿ ಅಲ್ಲ.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಹಗಲು ಹೊರಗೆ ನಿಲ್ಲಲಾಗದ ಆ ತಿಂಗಳುಗಳಲ್ಲಿ ಇಡೀ ಓಣಿ ನೆಲದಡಿಯ ಬೇಸಿಗೆಮನೆಗೆ ಇಳಿಯುತ್ತದೆ. ಮಕ್ಕಳ ಶಾಲೆ ಅಲ್ಲೇ, ಎಲ್ಲರಿಗೂ ಸೇರಿ ಬೇಯುವ ಅಡುಗೆ ಅಲ್ಲೇ, ಬಾಣಂತನವೂ ಅಲ್ಲೇ. ಕಿಟಕಿ ಇಲ್ಲ, ಕಣ್ಣಿಗೆ ಸಿಗುವುದು ಗೋಡೆಯೊಂದೇ. ಆ ಗೋಡೆಗೆ ಎಂಥ ಚಿತ್ರ ಬೇಕೆಂದು ಯೋಚಿಸಿ, ಹುಡುಕಿ ತರುವುದು ನನ್ನ ಕೆಲಸ. ನಿಮ್ಮದೇ ಕಸುಬು, ನಮ್ಮನ್ನು ಗೋಡೆಗಾರರು ಅನ್ನುತ್ತಾರೆ.

ಈ ಸಲ ಊಟದ ಅಂಕಣಕ್ಕೆ ಬಟ್ಟೆಯ ಮೇಲೆ ಬರೆದ ಹಳೆಯ ಚಿತ್ರವೊಂದನ್ನು ಆರಿಸಿದ್ದೆ. ನೆಲದ ಮೇಲೆ ಕೂತ ಹೆಂಗಸು, ಮುಂದಕ್ಕೆ ಚಾಚಿದ ತೋಳು. ಮಣಿಕಟ್ಟಿನ ಹತ್ತಿರ ಚಿತ್ರ ಮುಗಿಯುತ್ತಿತ್ತು. ಚಿತ್ರ ಕೊಟ್ಟ ಸಂಗ್ರಹಾಲಯದವರು ಅವಳನ್ನು 'ಬೇಡುವವಳು' ಎಂದು ಕರೆಯುತ್ತಿದ್ದರು. ಬೇಡುವವರ ಮುಖ ಅದಲ್ಲ ಅನ್ನಿಸಿಯೇ ನಾನು ತಂದದ್ದು.

ಓಣಿಯ ಹಿರಿಯರಾದ ಹಣಮಂತರಾಯರು ನೋಡಿದವರೇ ಮುಖ ತಿರುಗಿಸಿದರು. ಅವರ ಮಂದಿ ನದಿ ದಂಡೆಯ ಊರು ಮುಳುಗಿ ಇಲ್ಲಿಗೆ ಬಂದವರು, ಗಂಜಿಗೆ ಸಾಲು ನಿಂತು ಬೈಸಿಕೊಂಡವರು.

"ಉಣ್ಣೋ ಜಾಗದಾಗ ಕೈ ಚಾಚಿದಾಕಿ ಬ್ಯಾಡ್ರಿ, ಚಂದ್ರಭಾಗಾಬಾಯಿ," ಅಂದರು. "ನಾವೂ ಹಿಂಗೇ ಚಾಚಿದ್ವಿ. ದಿನಾ ನೋಡಾಕ ಆಗಂಗಿಲ್ಲ."

ವಾಪಸ್ ಕಳಿಸಲೆಂದು ಚೌಕಟ್ಟು ಬಿಚ್ಚಿದೆ. ಚೌಕಟ್ಟಿನ ಹಿಂದಕ್ಕೆ ಮಡಚಿದ ಬಟ್ಟೆಯ ಮೇಲೂ ಬಣ್ಣವಿತ್ತು, ಅಂಚಿನ ನೂಲು ಬಿಟ್ಟುಕೊಂಡಿತ್ತು. ಯಾರೋ ಕತ್ತರಿ ಆಡಿಸಿದ್ದರು. ಚೌಕಟ್ಟಿನ ಹಿಂದೆ ನಿಮ್ಮ ಹೆಸರಿನ ಮುದ್ರೆ ಇತ್ತು. ಅದರ ಕೆಳಗೆ, 'ಹೋಟೆಲ್ ಕೋಣೆ, ಮಂಚದ ಮೇಲಿನ ಗೋಡೆಗೆ'.

ವಿಚಾರಿಸುತ್ತ ಹೋದಾಗ ಅದೇ ಮುದ್ರೆಯ ಇನ್ನೊಂದು ಚಿತ್ರ ಬೀದರಿನ ರಜಿಯಾಬಿ ಅವರ ಮನೆಯಲ್ಲಿ ಸಿಕ್ಕಿತು. ಅದರಲ್ಲಿ ಊಟಕ್ಕೆ ಕೂತ ಒಬ್ಬ ಮುದುಕಿ. ಅವಳ ಕಡೆಗೆ ಅಂಚಿನಿಂದ ಬಂದ, ರೊಟ್ಟಿ ಹಿಡಿದ ಒಂದು ಕೈ. ಅದಕ್ಕೆ ಮೈಯೇ ಇರಲಿಲ್ಲ. ಮುದುಕಿಯ ಕಾಲ ಬಳಿ ಚಿತ್ರ ಬರೆದವಳ ಹೆಸರು, ಶಾಣಮ್ಮ. ನನ್ನ ತುಂಡನ್ನು ಪಕ್ಕಕ್ಕೆ ಹಿಡಿದೆ. ತೋಳಿಗೆ ಕೈ ಕೂಡಿಕೊಂಡಿತು. ಅವಳು ಬೇಡುತ್ತಿರಲಿಲ್ಲ, ಪಕ್ಕದವಳಿಗೆ ರೊಟ್ಟಿ ಕೊಡುತ್ತಿದ್ದಳು.

ಆ ಮುದುಕಿಯನ್ನು ರಜಿಯಾಬಿಯ ಮನೆಯವರು ಅಜ್ಜಿ ಎಂದೇ ಕರೆಯುತ್ತಿದ್ದರಂತೆ. ಕೂಡಿದ ಚಿತ್ರ ನೋಡಿ ರಜಿಯಾಬಿ, "ನಮ್ಮ ಅಜ್ಜಿಗೆ ಯಾರು ಉಣ್ಣಾಕ ಕೊಟ್ರು ಅಂತ ಇವತ್ತ ಗೊತ್ತಾತ್ರಿ," ಎಂದರು. ತಮ್ಮ ಚಿತ್ರವನ್ನೂ ನನ್ನ ಜೊತೆ ಕಳಿಸಿಕೊಟ್ಟರು.

ಯಾವ ಧೈರ್ಯದಿಂದ ಈ ಕೆಲಸ ಮಾಡಿದಿರಿ? ಶಾಣಮ್ಮ ಒಂದೇ ಬಟ್ಟೆಯಲ್ಲಿ ಇಡೀ ಪಂಕ್ತಿಯನ್ನು ಕೂರಿಸಿದ್ದಳು. ನೀವು ಅದನ್ನು ಮಂಚದ ಅಗಲಕ್ಕೆ ಕೊಯ್ದಿರಿ. ಇದು ನಿಮ್ಮ ಕೋಣೆಗಳಿಗೆ ಆಗುವುದಿಲ್ಲ ಎಂದು ಹೋಟೆಲಿನವರಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲವೇ? ಸಲಹೆ ಎಂದರೆ ಮತ್ತೇನು? ನಿಮ್ಮಿಂದಾಗಿ, ಉಣ್ಣಲು ಕೊಟ್ಟವಳು ಇಷ್ಟು ಕಾಲ ಭಿಕ್ಷುಕಿ ಎನ್ನಿಸಿಕೊಂಡಳು.

ಎರಡೂ ತುಂಡುಗಳನ್ನು ಜೋಡಿಸಿ ತೂಗುಹಾಕಿದೆವು. ಹಣಮಂತರಾಯರು ನಡುವಿನ ಸೀಳಿನ ಮೇಲೆ ಬೆರಳಾಡಿಸಿದರು. ಅಂದು ಅದರ ಕೆಳಗೇ ಉಣ್ಣಲು ಕೂತರು. ಎರಡೂ ತುಂಡುಗಳ ಆಚೆಯ ಅಂಚುಗಳೂ ಕತ್ತರಿಸಿದವೇ. ಆ ಕಡೆ ಈ ಕಡೆ ಇನ್ನೆಷ್ಟು ಹೆಂಗಸರಿದ್ದರೋ ಗೊತ್ತಿಲ್ಲ. ಇಲ್ಲದವರನ್ನು ಯಂತ್ರದಿಂದ ಬರೆಸಿಬಿಡೋಣ ಎಂದವರ ಮಾತಿಗೆ ನಾನು ಒಪ್ಪಲಿಲ್ಲ. ಉಳಿದ ಗೋಡೆಯನ್ನು ಖಾಲಿ ಬಿಟ್ಟಿದ್ದೇನೆ.

ಈ ಪತ್ರ ತಲುಪುವಾಗ ಬಟ್ಟೆ ಇನ್ನೂ ಇಡಿಯಾಗಿದ್ದರೆ, ಸುತ್ತಿಕೊಂಡು ಶಾಣಮ್ಮನ ಮನೆಗೆ ವಾಪಸ್ ಒಯ್ಯಿರಿ. ಹೋಟೆಲಿನವರು ಬೇರೆ ಸಲಹೆಗಾರರನ್ನು ಹುಡುಕಿಕೊಳ್ಳಲಿ. ದಯವಿಟ್ಟು ಕತ್ತರಿ ಕೆಳಗಿಡಿ.

ಚಂದ್ರಭಾಗಾ
ಗೋಡೆಗಾರ್ತಿ