ಎತ್ತರದ ಪೈಪು

ರಾಯದುರ್ಗ
12-12-2001, ಬುಧವಾರ

ನಮ್ಮನೆಯವರಿಗೆ, ನಿಮ್ಮ ವಾಣಿಯ ನಮಸ್ಕಾರಗಳು.

ಹೇಗಿದ್ದೀರಿ? ಕುವೈತಿನ ಚಳಿ ಮೂಳೆಗೇ ಇಳಿಯುತ್ತದೆ ಎಂದು ಹೋದ ವರ್ಷ ಬರೆದಿದ್ದಿರಿ. ನಾನು ಕಳಿಸಿದ ಸ್ವೆಟರನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಬೇಡಿ, ಹಾಕಿಕೊಳ್ಳಿ. ಕರಿ ಬಟ್ಟೆ ಹೊಲಿದರೆ ಕಣ್ಣು ಉರಿಯುತ್ತದೆ ಎಂದಿದ್ದಿರಲ್ಲ, ಈಗ ಪರವಾಗಿಲ್ಲವಾ? ಇಲ್ಲಿ ನಾವು ಮೂವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಅತ್ತೆ ಬಲವಂತ ಮಾಡಿದರೆ ತುಸು ಗಂಜಿ ಕುಡಿಯುತ್ತಾರೆ. ಗಂಗೋತ್ರಿ ಮೊನ್ನೆಯಿಂದ ಶಾಲೆಗೆ ಹೋಗುತ್ತಿದ್ದಾಳೆ. ಮಾವನ ದಿನದ ಕಾರ್ಯ ಲೋಪವಿಲ್ಲದೆ ಆಯಿತು. ನಿಮ್ಮ ಜಾಗದಲ್ಲಿ ನಿಮ್ಮ ಗೆಳೆಯ ಸಣ್ಣಬಸಪ್ಪನವರೇ ನಿಂತು ಎಲ್ಲ ನಡೆಸಿದರು. ನಮ್ಮ ಓಣಿಯ ಜೀನ್ಸ್ ಹೊಲಿಯುವ ಯೂನಿಟ್ಟುಗಳವರೆಲ್ಲ ಮಷೀನು ನಿಲ್ಲಿಸಿ ಬಂದಿದ್ದರು. ಮಾವನ ಹತ್ತಿರ ಕಟಿಂಗ್ ಕಲಿತವರು ಇಷ್ಟು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಗುರುವಾರ ಎಷ್ಟು ಸಲ ಹಚ್ಚಿಸಿದರೂ ಕುವೈತಿನ ನಿಮ್ಮ ಅಂಗಡಿಗೆ ಲೈನೇ ಸಿಗಲಿಲ್ಲ. ಶುಕ್ರವಾರ ಬೆಳಿಗ್ಗೆ ಮತ್ತೆ ಹಚ್ಚಿಸಿದೆವು, ನಿಮಗೆ ರಜೆಯಲ್ಲವೇ, ಯಾರೂ ಎತ್ತಲಿಲ್ಲ. ಸಂಜೆ ಎಂದಿನಂತೆ ಮುದ್ದಪ್ಪನ ಎಸ್.ಟಿ.ಡಿ. ಅಂಗಡಿಗೆ ನಿಮ್ಮ ಫೋನು ಬಂದಾಗ ಮಣ್ಣು ಮಾಡಿ ಬಂದಾಗಿತ್ತು. ಸುದ್ದಿ ಕೇಳಿ ನೀವು, "ಅಪ್ಪ ನನ್ನ ಬಗ್ಗೆ ಏನಾರ ಅಂದ್ನಾ?" ಎಂದು ಕೇಳಿದಿರಿ. ಅಂಗಡಿಯ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದರೆ ಅಳುವೇ ಬಂತು. ಅಷ್ಟರಲ್ಲಿ ಲೈನು ಹೋಯಿತು. ನನ್ನ ಅಳುವನ್ನು ನೀವು ಏನೆಂದು ತಿಳಿದುಕೊಂಡಿರೋ ಎಂಬ ಸಂಕಟ ನನಗೆ ಅಂದಿನಿಂದ ಇದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಸಮಾಧಾನವಾಗಿ ಓದಿ.

ನೀವು ಹೊರಟ ದಿನ ಮಾವ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. "ಇಲ್ಲಿ ಹೊಲಿಯೋ ಬಟ್ಟಿ ಅಲ್ಲಿ ಹೊಲಿಯಾಕ ಸಮುದ್ರ ದಾಟಬೇಕಾ?" ಎಂದವರು ಗೋಡೆ ಕಡೆ ತಿರುಗಿ ಕೂತುಬಿಟ್ಟಿದ್ದರು. ಆಮೇಲೆ ಒಂದು ಶುಕ್ರವಾರವೂ ಫೋನಿಗೆ ಬರಲಿಲ್ಲ. ನಾವು ಕರೆದರೆ ಕಟಿಂಗ್ ಇದೆ ಎನ್ನುತ್ತಿದ್ದರು. ಯುಗಾದಿಗೆ ಸಣ್ಣಬಸಪ್ಪನವರು ಅಲ್ಲಿನ ಕೆಲಸ ಬಿಟ್ಟು ಬಂದಾಗ ನೀವು ಅವರ ಕೈಯಲ್ಲಿ ಗಂಗೋತ್ರಿಗೆಂದು ಟಿ.ವಿ. ಗೇಮು ಕಳಿಸಿದಿರಲ್ಲ, ಅವಳು ಅದನ್ನು ಹಚ್ಚಿದರೆ ಮಾವ ಎದ್ದು ಕಟ್ಟೆಗೆ ಹೋಗಿ ಕೂರುತ್ತಿದ್ದರು. ಅದು ನೀವು ಕಳಿಸಿದ್ದು ಎಂಬುದೊಂದೇ ಅದರ ತಪ್ಪು.

ಶ್ರಾವಣದಲ್ಲಿ ಲಕ್ವ ಹೊಡೆದದ್ದು ನಿಮಗೆ ಗೊತ್ತು. ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಬೆರಳು ಆಡಿಸುತ್ತಿದ್ದರೆ ಕೈಗೆ ಮತ್ತೆ ಬಲ ಬರುತ್ತದೆ ಎಂದು ಬಳ್ಳಾರಿಯ ಡಾಕ್ಟರು ಹಿಸುಕಲು ರಬ್ಬರ್ ಚೆಂಡು ಕೊಟ್ಟರು. ಮಾವ ಅದನ್ನು ಮೂಲೆಗೆ ಎಸೆದರು. ಮೊಳೆಗೆ ತೂಗುಹಾಕಿದ್ದ ದೊಡ್ಡ ಕತ್ತರಿಯನ್ನೇ ನೋಡುತ್ತ ಕೂರುತ್ತಿದ್ದರು. ಅದನ್ನು ಅಲ್ಲಿಂದ ತೆಗೆದಿಡಲು ಅತ್ತೆಗೂ ಧೈರ್ಯವಾಗಲಿಲ್ಲ, ನನಗೂ ಆಗಲಿಲ್ಲ. ಒಂದು ಮಧ್ಯಾಹ್ನ ನಾನು ಯೂನಿಟ್ಟಿನಲ್ಲಿ ಓವರ್‌ಲಾಕ್ ಮಷೀನು ಬಿಟ್ಟು ಊಟಕ್ಕೆ ಮನೆಗೆ ಬಂದರೆ, ಮಾವ ಟಿ.ವಿ. ಮುಂದೆ ಕೂತು ತೊಡೆಯ ಮೇಲೆ ಗೇಮಿನ ರಿಮೋಟು ಇಟ್ಟುಕೊಂಡಿದ್ದರು. ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಎತ್ತಿ ಬಟನ್ನಿನ ಮೇಲೆ ಇಡುತ್ತಿದ್ದರು. ನಾನು ನೋಡಿಯೂ ನೋಡದವಳಂತೆ ಒಳಗೆ ಹೋದೆ. ಅತ್ತೆ ಒಲೆಯ ಹತ್ತಿರ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಆ ಆಟ ನೀವು ಆಡಿಲ್ಲ ಅನ್ನಿಸುತ್ತದೆ. ಒಬ್ಬ ಪುಟ್ಟ ಮನುಷ್ಯ ಓಡುತ್ತ ಹೋಗುತ್ತಾನೆ, ದಾರಿಗೆ ಅಡ್ಡವಾಗಿ ನೆಲದಿಂದ ಹಸಿರು ಪೈಪುಗಳು ಎದ್ದು ನಿಂತಿರುತ್ತವೆ. ನೀವು ಕಳಿಸಿದ ಕ್ಯಾಸೆಟ್ಟುಗಳೆಲ್ಲ ಒಂದೇ ಆಟದ ಬೇರೆ ಬೇರೆ ಭಾಗಗಳಂತೆ. ಊರು ಬದಲಾಗುತ್ತದೆ, ಆಕಾಶದ ಬಣ್ಣ ಬದಲಾಗುತ್ತದೆ, ಪೈಪು ಮಾತ್ರ ಎಲ್ಲದರಲ್ಲೂ ಇರುತ್ತದೆ. ಕೆಲವು ಗಿಡ್ಡ, ಕೆಲವು ಎತ್ತರ. ಬಟನ್ನು ಮುಟ್ಟಿ ಬಿಟ್ಟರೆ ಗಿಡ್ಡದ್ದನ್ನು ದಾಟಬಹುದು, ಎತ್ತರದ್ದಕ್ಕೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಆ ಹಿಡಿತವೇ ಮಾವನ ಕೈಯಲ್ಲಿ ಇರಲಿಲ್ಲ. ಮನುಷ್ಯ ಅರ್ಧಕ್ಕೆ ಹಾರಿ ಪೈಪಿಗೆ ಬಡಿದು ಕೆಳಗೆ ಬೀಳುತ್ತಿದ್ದ. ತಾನು ಹಾರಿಸಿಕೊಡುತ್ತೇನೆ ಎಂದು ಗಂಗೋತ್ರಿ ಕೈ ಹಾಕಿದರೆ ಕೊಡುತ್ತಿರಲಿಲ್ಲ. ಒಮ್ಮೆ ನಾನು ಪಕ್ಕದಲ್ಲಿ ಕೂತಾಗ ಪೈಪು ತೋರಿಸಿ, "ಪ್ಯಾಂಟಿನ ಕಾಲು ಇದ್ದಂಗೈತಿ. ತುದಿ ನೋಡು, ಮಡಚಿ ಹೊಲದಾರ," ಎಂದರು. ಲಕ್ವ ಹೊಡೆದ ಮೇಲೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ನಗುವೂ ಬಂತು, ಕಣ್ಣೀರೂ ಬಂತು.

ದೀಪಾವಳಿ ಹೊತ್ತಿಗೆ ಗಿಡ್ಡ ಪೈಪುಗಳನ್ನು ದಾಟತೊಡಗಿದರು. ಅನ್ನದ ತುತ್ತನ್ನು ಬಲಗೈಯಲ್ಲೇ ಬಾಯಿಗೆ ತಂದುಕೊಳ್ಳತೊಡಗಿದರು. ಅತ್ತೆ ತಟ್ಟೆಯ ಸುತ್ತ ಬಿದ್ದ ಅಗುಳನ್ನು ಹೇಳದೆ ಕೇಳದೆ ಒರೆಸುತ್ತಿದ್ದರು. ಎತ್ತರದ ಪೈಪು ಮಾತ್ರ ಕಾಡಿಸುತ್ತಲೇ ಇತ್ತು. ಕರೆಂಟು ಹೋದರೆ ಬರುವವರೆಗೂ ರಿಮೋಟು ಹಿಡಿದೇ ಕೂರುತ್ತಿದ್ದರು. ಕೊನೆಗೆ ಆ ಬುಧವಾರ ಸಂಜೆ ದಾಟಿದರು. ನಾನು ಅಲ್ಲೇ ಹೊಲಿದ ಜೇಬುಗಳ ಹೆಚ್ಚಿನ ದಾರ ಕತ್ತರಿಸುತ್ತ ಕೂತಿದ್ದೆ, ಗಂಗೋತ್ರಿ ಕಿರುಚಿದ್ದಕ್ಕೆ ತಲೆ ಎತ್ತಿದೆ. ಆ ಪುಟ್ಟ ಮನುಷ್ಯ ಪೈಪಿನ ನೆತ್ತಿಯ ಮೇಲೆ ನಿಂತಿದ್ದ. ಮಾವ ಅವನನ್ನು ಮುಂದೆ ಓಡಿಸಲಿಲ್ಲ, ಅಲ್ಲೇ ನಿಲ್ಲಿಸಿಕೊಂಡು ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಅವನೇ ಕಳಿಸಿದ್ದಲ್ಲ?" ಎಂದು ಕೇಳಿದರು.

ಹೌದ್ರಿ ಮಾವ ಎಂದೆ.

"ಶುಕ್ರವಾರ ನಾನೂ ಬರ್ತೀನಿ ಫೋನಿಗೆ," ಎಂದರು.

ನನಗೆ ನಂಬಿಕೆಯೇ ಆಗಲಿಲ್ಲ. ಅಷ್ಟು ದೂರ ನಡೆಯಲು ಆಗುತ್ತದಾ ಎಂದರೆ ಆಟೋ ಹೇಳು ಎಂದರು. ಮಗನ ಹತ್ತಿರ ಏನು ಮಾತಾಡುತ್ತೀರಿ ಎಂದು ಅತ್ತೆ ಒಳಗಿಂದಲೇ ಕೇಳಿದರು. ಮಾವ ತೊದಲುತ್ತ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದರು. "ಊಟ ಆತಾ ಅಂತ ಕೇಳ್ತೀನಿ. ಮತ್ತೇನು ಕೇಳೋದೈತಿ ಅವನ್ನ."

ಅದಾದ ಮೇಲೆ ಮಲಗುವವರೆಗೂ ಅವರು ತಮ್ಮಷ್ಟಕ್ಕೇ ಊಟ ಆತಾ, ಊಟ ಆತಾ ಎಂದು ಹೇಳಿಕೊಳ್ಳುತ್ತಿದ್ದರು. ಊಟ ಎಂಬ ಮಾತಿಗೆ ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ, ಅದಕ್ಕೆ. ಫೋನಿನಲ್ಲಿ ನಿಮಗೆ ತಿಳಿಯದೆ ಹೋದರೆ ಎಂಬ ಅಂಜಿಕೆ ಇತ್ತೋ ಏನೋ. ಗುರುವಾರ ಬೆಳಿಗ್ಗೆ ಅತ್ತೆಗೆ ಬಿಳಿ ಅಂಗಿ ಒಗೆದು ಹಾಕಲು ಹೇಳಿದರಂತೆ. ನಾನು ಯೂನಿಟ್ಟಿಗೆ ಹೋಗಿದ್ದೆ. ಅಂಗಿ ಹಗ್ಗದ ಮೇಲೆ ಹರವಿ ಅತ್ತೆ ಒಳಗೆ ಬರುವಷ್ಟರಲ್ಲಿ ಮಾವ ಒರಗಿದ್ದರು. ಎರಡನೇ ಸಲ ಹೊಡೆದಿತ್ತು. ನಾನು ಓಡಿ ಬಂದಾಗ ಕಣ್ಣು ತೆರೆದೇ ಇದ್ದವು, ಉಸಿರಿರಲಿಲ್ಲ. ಅದೇ ಅಂಗಿ ತೊಡಿಸಿ ಕಳಿಸಿದೆವು.

ಕೊನೆಗಳಿಗೆಯಲ್ಲಿ ನಿಮ್ಮ ಹೆಸರು ಹಿಡಿದು ಕರೆದರು ಎಂದು ಬರೆದರೆ ಸುಳ್ಳಾಗುತ್ತದೆ. ಕರೆಯಲಿಲ್ಲ, ಅಷ್ಟು ಹೊತ್ತೇ ಸಿಗಲಿಲ್ಲ. ಆದರೆ ಅವರು ಸಿಟ್ಟಿನಲ್ಲಿ ಹೋದರು ಎಂದು ನೀವು ಅಂದುಕೊಂಡಿದ್ದರೆ ಅದೂ ನಿಜವಲ್ಲ. ನಾನು ಕಣ್ಣಾರೆ ಕಂಡದ್ದನ್ನು ಬರೆದಿದ್ದೇನೆ. ಒಬ್ಬರೇ ಕೂತು ಅಳಬೇಡಿ, ರೂಮಿನಲ್ಲಿರುವವರ ಹತ್ತಿರ ಹೇಳಿಕೊಳ್ಳಿ.

ಅತ್ತೆಯ ಆಶೀರ್ವಾದಗಳು. ಗಂಗೋತ್ರಿ ಅಪ್ಪನಿಗೆ ಮುತ್ತು ಕೊಟ್ಟಿದ್ದಾಳೆ. ಮೈ ಕಡೆ ನಿಗಾ ಇರಲಿ.

ಇಂತಿ ನಿಮ್ಮ
ವಾಣಿಶ್ರೀ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, "ಇಷ್ಟುದ್ದ ಬರದಿ, ಬಾ ಅಂತ ಒಂದ್ ಮಾತು ಬರೀಲಿಲ್ಲಲ್ಲ," ಎಂದರು. ಕರಾರು ಮುಗಿಯದೆ ಅಲ್ಲಿನ ಮಾಲೀಕರು ನಿಮ್ಮನ್ನು ಬಿಡುತ್ತಾರೋ ಇಲ್ಲವೋ ನನಗೆ ತಿಳಿಯದು. ಪೋಸ್ಟಿನ ಹೊತ್ತಾಯಿತು. ಬನ್ನಿ.