ಪಂಚಾಂಗದಲ್ಲಿಲ್ಲದ ಉಪವಾಸ

ಸವಣೂರು
ದ್ವಾದಶಿ, ಮಂಗಳವಾರ

ಚಿರಂಜೀವಿ ದೀಪ್ತಿಗೆ,

ದೂರದಿಂದಲೇ ನಿನ್ನ ತಲೆ ಸವರಿ ನಿನ್ನ ಅಜ್ಜಿ ಬರೆಯುವ ಪತ್ರ. ಇಲ್ಲಿ ಎಲ್ಲರೂ ಆರಾಮವಾಗಿದ್ದೇವೆ. ನಿನ್ನ ಶ್ರೀನಿವಾಸ ಕಾಕಾ ಮಾತ್ರ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಒಂದೇ ಮನೆಯಲ್ಲಿದ್ದು ಹೆಂಡತಿಯ ಕೈಯಲ್ಲಿ ಹೇಳಿಕಳಿಸುತ್ತಾನೆ. ಯಾಕೆಂದು ಕೊನೆಯಲ್ಲಿ ಬರೆಯುತ್ತೇನೆ, ಈಗಲೇ ಕೆಳಗೆ ಕಣ್ಣು ಹಾಯಿಸಬೇಡ.

ಫೋನು ಇರುವಾಗ ಪತ್ರ ಯಾಕೆ ಅನ್ನುತ್ತೀ. ಫೋನು ಮಾಡಿದರೆ ನಿನ್ನಮ್ಮ ಸ್ಪೀಕರ್ ಹಾಕುತ್ತಾಳೆ, ಹಿಂದಿನಿಂದ ನಿನ್ನಪ್ಪ ಧೀರೇಂದ್ರ 'ಏನಂತ, ಏನಂತ' ಎಂದು ಕೇಳುತ್ತಿರುತ್ತಾನೆ. ನಾನು ಹೇಳಬೇಕಾದ ಮಾತು ಅವರಿಬ್ಬರ ಕಿವಿಗೆ ಬೀಳುವ ಮೊದಲು ನಿನಗೆ ತಲುಪಬೇಕು. ನಿನ್ನೆ ನೀನು ಕಾರವಾರದಿಂದ ಫೋನು ಮಾಡಿದಾಗ ನಾನು ಬರೀ 'ಹೂಂ, ಹೂಂ' ಅಂದೆನಲ್ಲ, ಅದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು.

ಹಾನಗಲ್ಲಿನ ದೋಣಿ ಸ್ಪರ್ಧೆಯ ಸಲುವಾಗಿ ಹೋದ ತಿಂಗಳು ನೀನು ಬಂದು ನಮ್ಮ ಮನೆಯಲ್ಲಿ ಇದ್ದೆಯಲ್ಲ, ಆಗ ನಾನು ಎಷ್ಟು ಹಿಗ್ಗಿದ್ದೆ ಎಂದು ನಿನಗೆ ಗೊತ್ತಿಲ್ಲ. ಸಮುದ್ರದ ದಂಡೆಯಲ್ಲಿ ಬೆಳೆದ ಹುಡುಗಿ, ಹತ್ತು ವರ್ಷದವಳಿದ್ದಾಗಿನಿಂದ ಎಂಜಿನ್ ದೋಣಿ ಓಡಿಸುವವಳು, ಬಟ್ಟೆಗೆಲ್ಲ ಪೆಟ್ರೋಲ್ ವಾಸನೆ. ಈ ಹುಡುಗಿಗೆ ಮಡಿ, ವ್ರತ ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ. ಬಂದ ಮರುದಿನವೇ "ಅಜ್ಜಿ, ಇವತ್ತ ಗುರುವಾರ, ರಾಯರ ವಾರ, ನಾ ಊಟ ಮಾಡಂಗಿಲ್ಲ" ಅಂದೆ. ಶನಿವಾರ ವೆಂಕಪ್ಪನ ಹೆಸರಿನಲ್ಲಿ ಬಿಟ್ಟೆ. ಸೋಮವಾರ ಯಾವ ದೇವರೆಂದು ಕೇಳಿದರೆ "ಸುಮ್ನ, ಎಲ್ಲಾ ದೇವರಿಗೂ ಸೇರಿ" ಅಂದೆ. ನನ್ನ ಕಣ್ಣಲ್ಲಿ ನೀರೇ ಬಂತು.

ಮಠದಲ್ಲಿ ನಾನು ಸುಮ್ಮನಿದ್ದೆನೇ? ತೀರ್ಥ ತೆಗೆದುಕೊಳ್ಳಲು ನಿಂತ ಹೆಂಗಸರಿಗೆಲ್ಲ ಡಂಗುರ ಸಾರಿದೆ. "ನಮ್ಮ ದೀಪ್ತಿನ್ನ ನೋಡ್ರಿ, ಹದಿನೈದು ವರ್ಷದ ಹುಡುಗಿ, ನನಗಿಂತ ಕಡಕ್ ವ್ರತ" ಎಂದೆ. ಅವರೆಲ್ಲ ತಮ್ಮ ಮೊಮ್ಮಕ್ಕಳನ್ನು ನೆನೆಸಿಕೊಂಡು ನಿಟ್ಟುಸಿರು ಬಿಟ್ಟರು. ನನಗೆ ಅದು ಸಕ್ಕರೆ ತಿಂದಷ್ಟು ಸಿಹಿಯಾಯಿತು.

ನಿನಗಾಗಿ ತರಿಸಿಟ್ಟಿದ್ದ ಸವಣೂರ ಖಾರಾ ಡಬ್ಬಿಯಲ್ಲೇ ಮೆತ್ತಗಾಯಿತು. ಹಿಂದೆಲ್ಲ ಆ ಪೊಟ್ಟಣ ಮನೆ ಹೊಕ್ಕರೆ ಸಂಜೆಯತನಕ ಉಳಿಯುತ್ತಿರಲಿಲ್ಲ. ಆಗಲೂ ನನ್ನ ತಲೆಗೆ ಹೋಗಲಿಲ್ಲ. ಮೊಮ್ಮಗಳು ನನ್ನ ಹಾಗೇ ಆಗುತ್ತಿದ್ದಾಳೆ ಎಂಬ ಸೊಕ್ಕು ತಲೆಯಲ್ಲಿ ತುಂಬಿಕೊಂಡಿತ್ತು, ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಏಕಾದಶಿ ಬಂತು. ಇಬ್ಬರೂ ಪಡಸಾಲೆಯಲ್ಲಿ ಕುಳಿತು ದಿನ ಕಳೆದೆವು. ನಾನಾದರೂ ತೀರ್ಥ ತೆಗೆದುಕೊಂಡೆ, ನೀನು ಅದನ್ನೂ ತುಟಿಗೆ ಮುಟ್ಟಿಸಿ ಇಟ್ಟೆ. ಮರುದಿನ ದ್ವಾದಶಿ. ನೀನು ಬೇಗ ಹೊರಡಬೇಕೆಂದು ಕತ್ತಲಿರುವಾಗಲೇ ಎದ್ದು ಪಾರಣೆಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಬಿಸಿ ಅನ್ನ ಮಾಡಿ ಎಲೆ ಹಾಕಿದೆ. ಏಕಾದಶಿ ಮಾಡಿದವರು ದ್ವಾದಶಿ ಬೆಳಿಗ್ಗೆ ಉಣ್ಣಲೇಬೇಕು, ಉಣ್ಣದಿದ್ದರೆ ಹಿಂದಿನ ದಿನದ ಉಪವಾಸವೇ ವ್ಯರ್ಥ. ನಮ್ಮ ಮನೆಯ ಸಣ್ಣ ಕೂಸಿಗೂ ಇದು ಗೊತ್ತು. ನೀನು ಎಲೆಯ ಮುಂದೆ ಕುಳಿತು, ಅದನ್ನು ಮೆಲ್ಲಗೆ ಸರಿಸಿ, "ರೇಸ್ ಮುಗದ ಮ್ಯಾಲೆ ಉಣ್ತೀನಿ ಅಜ್ಜಿ" ಅಂದೆ.

ಆಗ ನನಗೆ ಏನೋ ಚುಚ್ಚಿತು. ದೇವರಿಗೆಂದು ಹಸಿದವರು ಪಾರಣೆ ಬಿಡುವುದಿಲ್ಲ ದೀಪ್ತಿ, ಅವರು ಅದರ ದಾರಿಯನ್ನೇ ಕಾಯುತ್ತಿರುತ್ತಾರೆ. ನಾನಂತೂ ಇಷ್ಟು ವಯಸ್ಸಾದರೂ ದ್ವಾದಶಿಯ ಮೊದಲ ತುತ್ತಿಗೆ ಮಕ್ಕಳ ಹಾಗೆ ಆಸೆ ಪಡುತ್ತೇನೆ. ಆದರೂ ಸ್ಪರ್ಧೆಯ ಗಾಬರಿ ಇರಬೇಕೆಂದು ಸುಮ್ಮನಾದೆ.

ಹಾನಗಲ್ಲಿನ ಆನೆಕೆರೆಯ ದಂಡೆಯ ಮೇಲೆ ಶಾಮಿಯಾನದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವಳು ನೇತ್ರಾ. ಹಿರೇಕೆರೂರಿನವಳು, ನಿಮ್ಮ ಗುಂಪಿನ ಸಣ್ಣ ಹುಡುಗಿ ಶ್ವೇತಾಳ ತಾಯಿ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಮಗಳ ಬಾಯಿಗೆ ರೊಟ್ಟಿ, ಶೇಂಗಾ ಚಟ್ನಿ ತುರುಕುತ್ತಿದ್ದಳು. ನೀರಿಗೆ ಇಳಿಯುವ ಮೊದಲು ಇಷ್ಟು ತಿನ್ನಿಸುತ್ತಾರೆಯೇ ಎಂದು ಕೇಳಿದೆ.

"ನಮ್ಮಾಕಿ ತೂಕ ಸಾಲಂಗಿಲ್ರಿ ಅಮ್ಮಾರ" ಎಂದು ನಕ್ಕಳು. "ದೋಣಿ, ಎಂಜಿನ್ನು, ಹುಡುಗಿ ಎಲ್ಲಾ ಕೂಡಿ ಇಷ್ಟ ಕಿಲೋಕ್ಕಿಂತ ಕಮ್ಮಿ ಇರಬಾರದು ಅಂತ ರೂಲ್ಸ್ ಐತ್ರಿ. ಕಮ್ಮಿ ಬಿದ್ದಷ್ಟು ಸೀಸದ ತುಂಡ ಕಟ್ಟತಾರ. ನಾ ಉಣಸಿದಷ್ಟೂ ಸೀಸ ಕಮ್ಮಿ ಆಕ್ಕೈತಿ ನೋಡ್ರಿ."

ಹಾಗಾದರೆ ತೂಕ ಹೆಚ್ಚಾದವರ ಗತಿ ಏನು ಎಂದೆ. "ಮೈ ಬೆಳದಂಗ ಸೀಸ ಬಿಚ್ಚಕೋತ ಹೋಗತಾರ್ರಿ. ಆಮ್ಯಾಲೆ ಬಿಚ್ಚಾಕ ಏನೂ ಉಳಿಯಂಗಿಲ್ಲ. ಅಲ್ಲಿಂದ ಹೆಚ್ಚಾದ ಒಂದೊಂದು ಕಿಲೋಕ್ಕೂ ದೋಣಿ ಹಿಂದ ಬೀಳತೈತಿ. ಅದಕ್ಕ ದೊಡ್ಡವರು ಮ್ಯಾಲಿನ ಕ್ಲಾಸಿಗೆ ಹೋಗತಾರ. ಅಲ್ಲೆ ಎಂಜಿನ್ನೂ ದೊಡ್ಡದು, ತೂಕಾನೂ ದೊಡ್ಡದು." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಕಾರವಾರದ ಹುಡುಗಿ ಒಬ್ಬಾಕಿ ಅದಾಳ್ರಿ, ದೀಪ್ತಿ ಅಂತ. ಮ್ಯಾಲೆ ಹೋಗಾಕ ಒಲ್ಲೆ ಅಂತಾಳಂತ. ಅದಕ್ಕ ಊಟಾನ ಬಿಟ್ಟಾಳಂತ, ನಮ್ಮ ಶ್ವೇತಾ ಹೇಳತಿದ್ಲು. ಅವರ ಮನ್ಯಾಗ ಯಾರೂ ನೋಡಂಗಿಲ್ಲೇನೋ."

ಮನೆಯಲ್ಲಿ ನೋಡಬೇಕಾದ ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ. ಗುರುವಾರ, ಶನಿವಾರ, ಎಲ್ಲ ದೇವರಿಗೂ ಸೇರಿದ ಸೋಮವಾರ, ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ನೀರಿನ ಮೇಲೆ ನಿನ್ನ ದೋಣಿ ಎಲ್ಲಿದೆ ಎಂದು ಹುಡುಕತೊಡಗಿದೆ.

ನೀನು ಎಲ್ಲರಿಗಿಂತ ಮುಂದೆ ಬಂದೆ. ಜನ ಸಿಳ್ಳೆ ಹಾಕಿದರು. ನಿನ್ನ ದೋಣಿಯನ್ನು ನಿನ್ನ ಸಮೇತ ಪಟ್ಟಿ ಹಾಕಿ ಎತ್ತಿ, ಹತ್ತಿಯ ಮೂಟೆ ತೂಗುವ ಹಾಗೆ ತೂಗಿದರು. ಮುಕ್ಕಾಲು ಕಿಲೋ ಕಡಿಮೆ ಬಿತ್ತು. ನಿಮ್ಮ ಕೋಚ್ ರವಿಕುಮಾರ ಸರ್ ಹಿಂದಿನ ವಾರದ ನಿನ್ನ ತೂಕವನ್ನು ನಂಬಿ ಕೊನೆಯ ಸೀಸದ ತುಂಡನ್ನೂ ಬಿಚ್ಚಿಸಿದ್ದರಂತೆ. ಆ ವಾರದಲ್ಲಿ ನೀನು ಇನ್ನೂ ಇಳಿದಿದ್ದೆ. ಮೊದಲ ಸ್ಥಾನ ಬೇರೆಯವರ ಪಾಲಾಯಿತು.

ಮುಕ್ಕಾಲು ಕಿಲೋ, ದೀಪ್ತಿ. ಬೆಳಿಗ್ಗೆ ನಾನು ಬಡಿಸಿದ ಅನ್ನ, ಪಲ್ಯ ಉಂಡು ಒಂದು ತಂಬಿಗೆ ನೀರು ಕುಡಿದಿದ್ದರೆ ಅದಕ್ಕಿಂತ ಜಾಸ್ತಿ ಆಗುತ್ತಿತ್ತು.

ಕಾರಿನಲ್ಲಿ ನೀನು "ಏಕಾದಶಿ ಸಲುವಾಗಿ ಹೋತು ಬಿಡ ಅಜ್ಜಿ, ದೇವರು ಇನ್ನೊಮ್ಮೆ ಕೊಡ್ತಾನ" ಅಂದೆ. ನಾನು ಆಗಲೇ ಕೇಳಬೇಕಿತ್ತು. ಆದರೆ ಬಂಕಾಪುರ ದಾಟುವುದರೊಳಗೆ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಮರುದಿನ ನಿನಗೆ ಜಡೆ ಹಾಕುವಾಗ ಬಾಚಣಿಕೆಯ ತುಂಬ ಕೂದಲು ಬಂತು. ಅದನ್ನು ನಿನಗೆ ಕಾಣದ ಹಾಗೆ ಸೆರಗಿನಲ್ಲಿ ಸುತ್ತಿಟ್ಟುಕೊಂಡೆ. ನೀನು ಊರಿಗೆ ಹೊರಟ ಮೇಲೆ ಅಡುಗೆಮನೆಯಲ್ಲಿ ಕುಳಿತು ಅತ್ತೆ. ಇನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವಾರ ರವಿಕುಮಾರ ಸರ್ ಅವರಿಗೆ ನಾನೇ ಫೋನು ಮಾಡಿದೆ. ಸಿಟ್ಟಾಗಬೇಡ. ಮೇಲಿನ ವರ್ಗಕ್ಕೆ ಹೋಗೆಂದು ಅವರು ಬೇಸಿಗೆಯಿಂದ ನಿನಗೆ ಹೇಳುತ್ತಿದ್ದಾರಂತೆ. ಊಟದ ಮಾತು ಕೇಳಿದರೆ "ನಮ್ಮ ಮನ್ಯಾಗ ಅಜ್ಜಿ ಭಾಳ ಸ್ಟ್ರಿಕ್ಟ್, ವ್ರತ ಬಿಡಂಗಿಲ್ಲ" ಅನ್ನುತ್ತಿದ್ದೆಯಂತೆ. ನನ್ನ ಮುಂದೆ ದೇವರ ಹೆಸರು, ಅವರ ಮುಂದೆ ನನ್ನ ಹೆಸರು. ಎಂಥ ಚಾಲಾಕು ಹುಡುಗಿಯೇ ನೀನು! ಪಾಪ, ಆ ಮನುಷ್ಯ ನಿಜ ಕೇಳಿ ಬಹಳ ನೊಂದುಕೊಂಡರು. ಯಾವ ವರ್ಗ ಎಂದು ಈ ತಿಂಗಳ ಕೊನೆಗೆ ನೀನೇ ಹೇಳಬೇಕಂತೆ.

ದೋಣಿ ಬಿಡು ಎಂದು ನಾನು ಹೇಳುವುದಿಲ್ಲ. ನಿನ್ನ ಅಪ್ಪನಿಗೆ ಗೊತ್ತಾದರೆ ಅವನು ಹೇಳುತ್ತಾನೆ, ಅದಕ್ಕೇ ಅವನಿಗೆ ಇನ್ನೂ ತಿಳಿಸಿಲ್ಲ. ನೀನು ಆ ಕೆರೆಯಲ್ಲಿ ತಿರುವು ತೆಗೆದುಕೊಂಡದ್ದನ್ನು ನಾನು ನೋಡಿದ್ದೇನೆ. ದೋಣಿ ವಾಲಿದಾಗ ನನಗೆ ಜೀವ ಹೋದ ಹಾಗಾಯಿತು, ನಿನ್ನ ಮುಖದಲ್ಲಿ ಮಾತ್ರ ನಗು ಇತ್ತು. ಅಂಥ ನಗುವನ್ನು ಮನೆಯಲ್ಲಿ ಎಷ್ಟೋ ದಿನದಿಂದ ಕಂಡಿರಲಿಲ್ಲ.

ನಿನ್ನ ಹೆದರಿಕೆ ನನಗೆ ಗೊತ್ತಾಗುತ್ತದೆ. ಎರಡು ವರ್ಷ ಸಣ್ಣ ವರ್ಗದಲ್ಲಿ ನೀನೇ ಮೊದಲು. ಮೇಲೆ ಹೋದರೆ ದೊಡ್ಡ ದೊಡ್ಡ ಹುಡುಗರ ನಡುವೆ ಎಲ್ಲರಿಗಿಂತ ಹಿಂದೆ ಬೀಳುತ್ತೀ. ಬೀಳು. ಕೊನೆಯವಳಾಗಿ ಬಾ. ಮೊದಲು ಬಂದವಳನ್ನು ನೋಡಲು ಊರಿಗೆ ಊರೇ ಬರುತ್ತದೆ, ಕೊನೆಯವಳನ್ನು ನೋಡಲು ನಾನು ಬರುತ್ತೇನೆ, ಬುತ್ತಿ ಕಟ್ಟಿಕೊಂಡು. ಹೋದ ವರ್ಷದ ಲಂಗ ಗಿಡ್ಡವಾದರೆ ಹೊಸ ಲಂಗ ಹೊಲಿಸುತ್ತೇವೆ, ಕಾಲು ಕೊಯ್ದುಕೊಳ್ಳುವುದಿಲ್ಲ. ಹದಿನೈದು ವರ್ಷದ ಮೈ ಬೆಳೆಯುತ್ತದೆ. ಅದು ನಿನಗೆ ಮಾಡಿದ ಮೋಸವಲ್ಲ.

ಈ ಪತ್ರ ಓದಿದ ಮೇಲೆ ಅಮ್ಮನಿಗೆ ನೀನೇ ಹೇಳು, ಅವಳ ಜೊತೆ ಡಾಕ್ಟರ ಹತ್ತಿರ ಹೋಗಿ ಬಾ. ಭಾನುವಾರದೊಳಗೆ ಹೇಳದಿದ್ದರೆ ನಾನು ಹೇಳುತ್ತೇನೆ. ಇದು ಹೆದರಿಸುವ ಮಾತಲ್ಲ. ಇದನ್ನು ನೀನೊಬ್ಬಳೇ ಹೊತ್ತುಕೊಂಡು ತಿರುಗುವುದನ್ನು ನನಗೆ ನೋಡಲು ಆಗುವುದಿಲ್ಲ. ಮನೆಯಲ್ಲಿ ಯಾರೂ ನೋಡುವುದಿಲ್ಲವೇನೋ ಎಂದ ಶ್ವೇತಾಳ ತಾಯಿಯ ಮಾತು ಇನ್ನೂ ಕಿವಿಯಲ್ಲಿದೆ.

ನೀನು ಉಂಡ ಸುದ್ದಿಗೆ ಕಾದು ಕುಳಿತಿರುವ,
ನಿನ್ನ ಅಜ್ಜಿ
ಗೋಪಿಕಾಬಾಯಿ

ತಾ.ಕ.: ಈಗ ನಿನ್ನ ಕಾಕಾನ ಸಿಟ್ಟಿನ ವಿಷಯ. ನಿನ್ನೆ ಏಕಾದಶಿ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಒಂದು ಏಕಾದಶಿಯನ್ನೂ ಬಿಟ್ಟವಳಲ್ಲ. ಜ್ವರ ಬಂದಾಗ ಬಿಡಲಿಲ್ಲ, ನಿನ್ನಪ್ಪನ ಬಾಣಂತನದಲ್ಲೂ ಬಿಡಲಿಲ್ಲ. ನಿನ್ನೆ ಮಧ್ಯಾಹ್ನ ದೇವರ ಮುಂದೆ ನಿಂತು ಹೇಳಿ, ಅನ್ನ ಸಾರು ಮಾಡಿಕೊಂಡು ಉಣ್ಣಲು ಕುಳಿತೆ. ಶ್ರೀನಿವಾಸ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಅದೇ ಹೊತ್ತಿಗೆ ನಿನ್ನ ಫೋನು ಬಂತು, "ಅಜ್ಜಿ, ಇವತ್ತ ನಿನ್ನ ಜೋಡಿ ನಂದೂ ಉಪವಾಸ" ಅಂದೆ. ಬಾಯಲ್ಲಿ ತುತ್ತಿತ್ತು, ಅದಕ್ಕೇ 'ಹೂಂ, ಹೂಂ' ಅಂದೆ. ಆ ತುತ್ತು ನುಂಗುವುದು ನನಗೆ ಸುಲಭವಾಗಿರಲಿಲ್ಲ. ಆದರೆ ನೀನು ನನ್ನ ಉಪವಾಸದ ಹಿಂದೆ ಅಡಗಿ ಕೂರುವಷ್ಟು ದಿನ ನನಗೆ ಆ ಉಪವಾಸ ಬೇಡ. ನಿನಗೆ ಜೋಡಿ ಬೇಕಾದರೆ ಇನ್ನು ಊಟಕ್ಕೆ ಸಿಗುತ್ತೇನೆ. ನೀನು ಹೊಟ್ಟೆತುಂಬ ಉಣ್ಣುವತನಕ ಪ್ರತಿ ಏಕಾದಶಿಗೂ ಉಣ್ಣುತ್ತೇನೆ. ನನಗೆ ವಯಸ್ಸಾಯಿತು ಮಗಳೇ, ನನ್ನ ಏಕಾದಶಿಯನ್ನು ನನಗೆ ಬೇಗ ತಿರುಗಿ ಕೊಡು.